ನಾಣ್ಯದ ರೇಟು ಆಮೇಲೆ, ಮೊದಲು ಅದರ ಹೆಸರು

ನಮ್ಮ ವಿಜಾಪುರದ ಗಾಂಧಿ ಚೌಕದ ಆಸುಪಾಸು ಬೆಳೆದವರಿಗೆ ಹಳೇ ನಾಣ್ಯ ಹೊಸದೇನಲ್ಲ. ದೇವರ ಜಗಲಿ ಮೇಲೆ ಒಂದು, ಅಜ್ಜಿಯ ಟ್ರಂಕಿನ ಬಟ್ಟೆ ಗಂಟಿನಲ್ಲಿ ನಾಲ್ಕು ಇದ್ದೇ ಇರುತ್ತವೆ. ನಾನು ಓದಿದ್ದು ಎಂಜಿನಿಯರಿಂಗ್, ಹೊಟ್ಟೆಪಾಡಿಗೆ ಬರೆಯೋದು ಕೋಡು. ಆದರೂ ಹಬ್ಬಕ್ಕೆ ಊರಿಗೆ ಹೋದಾಗ ಯಾರಾದರೂ ಒಂದು ನಾಣ್ಯ ಮುಂದಿಟ್ಟು ಕೇಳುತ್ತಾರೆ: "ಕಂಪ್ಯೂಟರ್‌ನಾಗ ನೋಡಿ ಹೇಳ್ರೀ, ಇದು ಎಷ್ಟಕ್ಕ ಹೋಗತೈತಿ?"

ಇದು ಯಾವ ನಾಣ್ಯ ಅಂತ ಕೇಳುವವರು ಕಡಿಮೆ. ನನ್ನ ತಕರಾರು ಇಷ್ಟೇ. ಹೆಸರು ಗೊತ್ತಾಗದೆ ರೇಟು ಗೊತ್ತಾಗಲ್ಲ. ಹೆಸರು ಹೇಳಬಲ್ಲ ನಂಬಿಗಸ್ತ ಆಕರಗಳು ಇವೆ, ಆದರೆ ನಮ್ಮ ಜನರ ಕೈಗೆ ಎಟುಕುವ ಭಾಷೆಯಲ್ಲಿ ಇಲ್ಲ.

ಎಟುಕುವ ಜಾಗದಲ್ಲಿ ಇರೋದೇನು? "ಈ ನಾಣ್ಯ ನಿಮ್ಮಲ್ಲಿದ್ದರೆ ನೀವು ಲಕ್ಷಾಧಿಪತಿ" ಅನ್ನೋ ವಿಡಿಯೋಗಳು. ಇಂಥ ಆಸೆ ತೋರಿಸಿ ಕಮಿಷನ್ನು, ತೆರಿಗೆ ಅಂತ ದುಡ್ಡು ಕೀಳುವ ಜಾಲ ಎಷ್ಟು ಬೆಳೆಯಿತೆಂದರೆ, 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಕೊಟ್ಟು, ಇಂಥ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ ಎಂದು ಎಚ್ಚರಿಸಬೇಕಾಯಿತು. 1818ರ ಇಸವಿ, ಒಂದು ಬದಿಗೆ ಹನುಮಂತ ಅಥವಾ ರಾಮ, ಇನ್ನೊಂದು ಬದಿಗೆ ಈಸ್ಟ್ ಇಂಡಿಯಾ ಕಂಪನಿಯ ಹೆಸರಿರುವ ಬಿಲ್ಲೆ ನೀವೂ ನೋಡಿರುತ್ತೀರಿ. ಕಂಪನಿ ಅಂಥ ಆಣೆ ನಾಣ್ಯ ಟಂಕಿಸಿಯೇ ಇಲ್ಲ. ಅದು ಈಚಿನ ಕಾಲದ ಕಲ್ಪನೆಯ ಬಿಲ್ಲೆ. ಭಕ್ತಿಯಿಂದ ಪೂಜೆಗೆ ಇಟ್ಟುಕೊಳ್ಳಿ, ಬೇಡ ಅನ್ನಲ್ಲ. ಲಕ್ಷ ಕೊಟ್ಟು ಮಾತ್ರ ಕೊಳ್ಳಬೇಡಿ :)

"ಮೊಬೈಲ್‌ನಲ್ಲಿ ಫೋಟೋ ಹೊಡೆದು ಹುಡುಕಿದರೆ ಆಯ್ತಲ್ಲ?" ಅಂತೀರಾ? ಫೋಟೋ ಹುಡುಕಾಟ ಮುಖ್ಯವಾಗಿ ಹೋಲಿಕೆ ನೋಡುತ್ತದೆ, ಅಕ್ಷರ ಓದಿ ಅರ್ಥ ಮಾಡಿಕೊಳ್ಳೋದು ಬೇರೆ ಕೆಲಸ. ನಮ್ಮೂರಿನ ಆದಿಲ್‌ಶಾಹಿ ತಾಮ್ರದ ನಾಣ್ಯಗಳನ್ನೇ ತಗೊಳ್ಳಿ. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಹಾಗಾಗಿ ಪೂರ್ತಿ ಬರಹ ಒಂದೇ ನಾಣ್ಯದ ಮೇಲೆ ಬೀಳೋದು ಅಪರೂಪ. ಒಂದರಲ್ಲಿ ಹೆಸರಿನ ತಲೆ, ಇನ್ನೊಂದರಲ್ಲಿ ಬಾಲ. ನಾಲ್ಕಾರು ನಾಣ್ಯ ಪಕ್ಕಪಕ್ಕ ಇಟ್ಟು ಜೋಡಿಸಿ ಓದಿದವರ ಕೆಲಸ ನಮಗೆ ಬೇಕು.

ಎರಡನೇ ಇಬ್ರಾಹಿಂ ಆದಿಲ್‌ಶಾಹನ (1580-1627) ತಾಮ್ರದ ನಾಣ್ಯದ ಮೇಲೆ ಅವನ ಹೆಸರಿನ ಜೊತೆ "ಅಬಲಾ ಬಲಿ" ಎಂದಿದೆ. ದುರ್ಬಲರಿಗೆ ಬಲವಾದವನು ಅನ್ನುವ ಅರ್ಥದ ಬಿರುದು. ಲಿಪಿ ಪರ್ಷಿಯನ್, ಮಾತು ನಮ್ಮ ಕಡೆಯದು! ಬರೀ ಪರ್ಷಿಯನ್ ನಿಘಂಟು ಹಿಡಿದು ಕೂತರೆ ಇದು ಸಿಗಲ್ಲ. ಇನ್ನು ಎರಡನೇ ಅಲಿ ಆದಿಲ್‌ಶಾಹನ (1656-1672) ಕಾಲದ ಬೆಳ್ಳಿಯ "ಲಾರಿ". ಅದು ದುಂಡಗೇ ಇಲ್ಲ. ಬೆಳ್ಳಿ ತಂತಿಯನ್ನು ಮಧ್ಯಕ್ಕೆ ಮಡಚಿ ಮೇಲೆ ಅಚ್ಚು ಒತ್ತಿದ್ದು, ನೋಡೋಕೆ ಮೀನಿನ ಗಾಳದ ಹಾಗೆ. ಇರಾನಿನ ಲಾರ್ ಊರಿಂದ ಬಂದ ಹೆಸರು, ಅರಬ್ಬಿ ಸಮುದ್ರದ ವ್ಯಾಪಾರದಲ್ಲಿ ಓಡಾಡಿದ ಹಣ. ಗೊತ್ತಿಲ್ಲದವರ ಕೈಗೆ ಸಿಕ್ಕರೆ ಮುರಿದ ಒಡವೆಯ ತುಂಡು ಅಂದುಕೊಂಡು ಸೀದಾ ಪತ್ತಾರರ ಕುಲುಮೆಗೆ ಹಾಕುತ್ತಾರೆ. ಹೆಸರು ಗೊತ್ತಿಲ್ಲದ್ದಕ್ಕೆ ತೆರುವ ಬೆಲೆ ಅಂದರೆ ಇದು. ಕರಗಿದ ನಾಣ್ಯಕ್ಕೆ ಬ್ಯಾಕಪ್ ಇರಲ್ಲ.

1686ರಲ್ಲಿ ಔರಂಗಜೇಬ ಊರು ಗೆದ್ದ ಮೇಲೆ ಇಲ್ಲಿನ ಟಂಕಸಾಲೆಯ ರೂಪಾಯಿ ಮೇಲೆ "ದಾರುಜ್ಜಫರ್ ಬಿಜಾಪುರ" ಅಂತ ಬಂತು. ದಾರುಜ್ಜಫರ್ ಅಂದರೆ ವಿಜಯದ ಮನೆ. 2014ರಲ್ಲಿ ಅಧಿಕೃತವಾದ ವಿಜಯಪುರಕ್ಕೂ ಅದಕ್ಕೂ ಅರ್ಥದಲ್ಲಿ ಎಷ್ಟು ಹತ್ತಿರ ನೋಡಿ! ಅಂದ ಹಾಗೆ, ಇಂಥ ನಾಣ್ಯದ ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಸುಮಾರಾಗಿ ಕ್ರಿಸ್ತಶಕ ಸಿಗುತ್ತದೆ. 1097 ಹಾಕಿ ನೋಡಿ, 1686 ಬರುತ್ತದೆ.

ಹಾಗಾದರೆ ಯಾವ ಆಕರ ನಂಬಬೇಕು? ಸುಲ್ತಾನರ ನಾಣ್ಯಗಳಿಗೆ ಗೋರನ್ ಮತ್ತು ಗೋಯೆಂಕಾ ಅವರ 2001ರ ಕ್ಯಾಟಲಾಗು ಮೊದಲ ನಿಲ್ದಾಣ. ಕರ್ನಾಟಕದ ರಾಜವಂಶಗಳಿಗೆ ಎ. ವಿ. ನರಸಿಂಹಮೂರ್ತಿಯವರ 1975ರ ಪುಸ್ತಕ. ಅದಕ್ಕೂ ಹಿಂದೆ, 1880ರ ದಶಕದಲ್ಲಿ ಬಂದದ್ದು ವಾಲ್ಟರ್ ಎಲಿಯಟ್‌ನ ದಕ್ಷಿಣ ಭಾರತದ ನಾಣ್ಯಗಳ ಗ್ರಂಥ. ಈ ಎಲಿಯಟ್ 1824ರಲ್ಲಿ ಕಿತ್ತೂರಿನವರ ಕೈಗೆ ಸೆರೆ ಸಿಕ್ಕಿದ್ದ ಅದೇ ಬ್ರಿಟಿಷ್ ಅಧಿಕಾರಿ! ಅವನ ಪುಸ್ತಕ ಆರ್ಕೈವ್ ತಾಣದಲ್ಲಿ ಬಿಟ್ಟಿ ಸಿಗುತ್ತದೆ. ಆದರೆ ಬಿಟ್ಟಿ ಸಿಕ್ಕಿತು ಅಂತ ಅದೇ ಕೊನೇ ಮಾತಲ್ಲ. ಹಳೇ ವರ್ಷನ್ ಇದ್ದ ಹಾಗೆ, ಆಮೇಲೆ ಆದ ತಿದ್ದುಪಡಿಗಳನ್ನೂ ನೋಡಲೇಬೇಕು. ನೆಟ್ಟಿನಲ್ಲಿ ಜೀನೋ, ನ್ಯೂಮಿಸ್ಟಾ ಥರದ ಸಂಗ್ರಹಗಳಿವೆ. ಒಳ್ಳೆಯವೇ, ಆದರೆ ಚಿತ್ರ ಹಾಕಿದವರು ಸದಸ್ಯರು. ಅಲ್ಲಿ ಸಿಕ್ಕ ಹೆಸರನ್ನು ಪುಸ್ತಕದ ಜೊತೆ ತಾಳೆ ನೋಡಬೇಕು.

ನಾನು ಆಕರವನ್ನು ಅಳೆಯೋದು ನಾಲ್ಕು ಪ್ರಶ್ನೆಯಿಂದ. ತೂಕ ಕೊಟ್ಟಿದೆಯೇ? ಅಳತೆ ಕೊಟ್ಟಿದೆಯೇ? ಎರಡೂ ಬದಿಯ ಬರಹವನ್ನು ಓದಿ ಹೇಳಿದೆಯೇ? ಹಿಂದೆ ಪ್ರಕಟವಾದ ಯಾವ ನಾಣ್ಯಕ್ಕೆ ಹೋಲಿಸಿದೆ ಅಂತ ತೋರಿಸಿದೆಯೇ? ನಾಲ್ಕೂ ಇಲ್ಲದೆ ಬರೀ ಬೆಲೆ ಇದ್ದರೆ ಅದು ಆಕರ ಅಲ್ಲ, ಅಂಗಡಿ. ಸ್ಟೆಪ್ಸ್ ಇಲ್ಲದ ಬಗ್ ರಿಪೋರ್ಟನ್ನು ಆಫೀಸಿನಲ್ಲಿ ನಾವು ಒಪ್ಪುತ್ತೇವಾ? ಇಲ್ಲೂ ಹಾಗೇ.

ನನ್ನ ಸಿಟ್ಟು ಇರೋದು ಬೇರೆ ಕಡೆ. ಮೇಲೆ ಹೇಳಿದ ಮೂರೂ ಪುಸ್ತಕ ಇಂಗ್ಲಿಷಿನವು. ಗಾಂಧಿ ಚೌಕದಲ್ಲಿ ನಾಣ್ಯ ಹಿಡಿದು ನಿಂತವರಿಗೆ ಅವು ಇದ್ದೂ ಇಲ್ಲದ ಹಾಗೆ. ಗೋಳಗುಮ್ಮಟದ ಮ್ಯೂಸಿಯಮ್ಮು, ರಾಜ್ಯದ ಬೇರೆ ಮ್ಯೂಸಿಯಮ್ಮುಗಳಲ್ಲಿರುವ ನಾಣ್ಯಗಳ ಎರಡೂ ಬದಿಯ ಚಿತ್ರ, ತೂಕ, ಓದು ಇಷ್ಟನ್ನು ಯೂನಿಕೋಡ್ ಕನ್ನಡದಲ್ಲಿ ಯಾರು ಬೇಕಾದರೂ ಹುಡುಕುವಂತೆ ಹಾಕಬೇಕು. ಅದು ಸಾರ್ವಜನಿಕ ಆಸ್ತಿ, ಗಾಜಿನ ಪೆಟ್ಟಿಗೆಯ ಹಿಂದೆ ಇದ್ದರೆ ಸಾಲದು. ತಂತ್ರಜ್ಞಾನ ದೊಡ್ಡದೇನಲ್ಲ, ಒಂದು ಸಾಧಾರಣ ಡೇಟಾಬೇಸ್ ಸಾಕು. ಬೇಕಿರೋದು ಓದಬಲ್ಲವರು, ತಿದ್ದಬಲ್ಲವರು.

ಸರ್ಕಾರ ಮಾಡುವ ತನಕ ಕಾಯಬೇಕಾ? ಬೇಡ ಅಂತ ನನ್ನ ಅನಿಸಿಕೆ. ನಮ್ಮಲ್ಲಿ ಪರ್ಷಿಯನ್ ಬಲ್ಲವರಿದ್ದಾರೆ, ಹಳಗನ್ನಡ ಬಲ್ಲವರಿದ್ದಾರೆ, ಕ್ಯಾಮೆರಾ ಇರೋರಂತೂ ಎಲ್ಲರೂ. ಕನ್ನಡ ವಿಕಿಪೀಡಿಯದಲ್ಲಿ ಆದಿಲ್‌ಶಾಹಿ, ವಿಜಯನಗರ, ಕಲ್ಯಾಣ ಚಾಲುಕ್ಯರ ನಾಣ್ಯಗಳ ಬಗ್ಗೆ ಪುಸ್ತಕದ ಆಧಾರ ಕೊಟ್ಟು ಒಂದೊಂದು ಲೇಖನ ಬರೆಯೋಣ. ತಿಂಗಳಿಗೆ ಒಂದಾದರೂ ಸಾಕು.

ಕೊನೆಗೆ ಎರಡು ಮಾತು. ಮನೆಯಲ್ಲಿರುವ ನಾಣ್ಯವನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಷರ ಸವೆದರೆ ಯಾವ ಕ್ಯಾಟಲಾಗೂ ಉಳಿಸಲ್ಲ. ಪಾಯ ತೋಡುವಾಗ ನೆಲದೊಳಗಿಂದ ಸಿಕ್ಕರೆ ನಿಧಿ ಕಾಯ್ದೆಯಂತೆ ಜಿಲ್ಲಾಡಳಿತಕ್ಕೆ ತಿಳಿಸಿ, ಹಂಚಿಕೊಳ್ಳಬೇಡಿ. ಯಾವ ನಾಣ್ಯದ ಜೊತೆ ಯಾವುದು ಸಿಕ್ಕಿತು ಅನ್ನೋದೂ ಗುರುತು ಹಿಡಿಯಲು ಒಂದು ಆಧಾರವೇ. ಗಡಿಗೆ ಒಡೆದು ಹಂಚಿದರೆ ಅದು ಹೋಯಿತು.

ನೀವೇನಂತೀರಿ? ಮೊದಲ ಲೇಖನ "ಲಾರಿ" ಬಗ್ಗೆ ನಾನು ಶುರು ಮಾಡುತ್ತೇನೆ. ಪರ್ಷಿಯನ್ ಓದು ತಿದ್ದುವವರು ಯಾರಾದರೂ ಇದ್ದರೆ ದಯವಿಟ್ಟು ಕೈ ಎತ್ತಿ...