ಕತ್ತರಿ ತಿದ್ದಿದ ಅಕ್ಷರ

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಬೇಸ್‌ಬಾಲ್ ತಂಡದವರು 1865ರಲ್ಲಿ ತಮ್ಮ ಫ್ಲಾನೆಲ್ ಅಂಗಿಯ ಎದೆಯ ಮೇಲೆ ‘ಎಚ್’ ಎಂಬ ಒಂದೇ ಅಕ್ಷರವನ್ನು ಕಸೂತಿ ಹಾಕಿಸಿಕೊಂಡರು. ಹಳೆಯ ಹಸ್ತಪ್ರತಿಗಳ ಮಾದರಿಯ ಅಲಂಕಾರದ ಲಿಪಿ ಅದು. ಕೆಲವು ವರ್ಷಗಳಲ್ಲಿ ಫುಟ್‌ಬಾಲ್ ತಂಡವೂ ಇದನ್ನು ಅನುಸರಿಸಿತು. ಮುಖ್ಯ ಪಂದ್ಯಗಳಲ್ಲಿ ಆಡಿದವನಿಗೆ ಆ ಅಕ್ಷರ ಶಾಶ್ವತ. ಆಡುವ ಅವಕಾಶ ದೊರೆಯದವನು ಋತು ಮುಗಿದೊಡನೆ ಅದನ್ನು ಹಿಂದಿರುಗಿಸಬೇಕು. ತವರಿನವರು ಉಡಿಸಿದ ಸೀರೆಯನ್ನು ಮರಳಿ ಕೇಳಿದಷ್ಟು ಕಠೋರವಾದ ಪದ್ಧತಿ! ಆದರೆ ಅಕ್ಷರಕ್ಕೆ ಬೆಲೆ ಬಂದದ್ದು ಅದರಿಂದಲೇ.

ಈ ಗೌರವ ಬಹುಕಾಲ ಗಂಡುಮಕ್ಕಳ ಸೊತ್ತಾಗಿಯೇ ಉಳಿಯಿತು. ಸರ್ಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣುಗಂಡೆಂಬ ಭೇದ ಕೂಡದೆಂದು 1972ರಲ್ಲಿ ಕಾನೂನಾದ ಮೇಲೆಯೇ ಅದು ಆಟಗಾರ್ತಿಯರಿಗೂ ವ್ಯಾಪಕವಾಗಿ ಸಂದದ್ದು.

ಇಂತಹ ಅಕ್ಷರಕ್ಕೆ ‘ವಾರ್ಸಿಟಿ’ ಅಕ್ಷರವೆಂದು ಹೆಸರು. ‘ಯೂನಿವರ್ಸಿಟಿ’ಯ ತಲೆಯನ್ನು ಹಾರಿಸಿ, ಉಳಿದ ಬಾಲವನ್ನು ನಾಲಿಗೆ ತಿರುಚಿದ್ದರಿಂದ ಬಂದ ಮಾತು. ಆದರೆ ಇಂದು ಆ ಹೆಸರು ಕೇಳಿದೊಡನೆ ಕಣ್ಣಮುಂದೆ ನಿಲ್ಲುವುದು ಹಾರ್ವರ್ಡಿನ ಆ ಮೊದಲ ಅಲಂಕಾರದ ಲಿಪಿಯಲ್ಲ. ದಪ್ಪ ಮೈ, ಚಪ್ಪಟೆ ಪಾದ, ಕಡಿದ ಮೂಲೆಗಳ ಗಟ್ಟಿ ಅಕ್ಷರ. ಚಪ್ಪಟೆ ಪಾದ ಬಂದದ್ದು ಅಚ್ಚುಕೂಟದಿಂದ. ಲಂಡನ್ನಿನ ವಿನ್ಸೆಂಟ್ ಫಿಗಿನ್ಸ್ 1815ರ ಸುಮಾರಿಗೆ ಅಂತಹ ಮೊಳೆಗಳನ್ನು ಎರಕ ಹೊಯ್ದು ಮಾರಿದ್ದನು. ಭಿತ್ತಿಪತ್ರಗಳಿಗೆ ಅವು ಹೇಳಿ ಮಾಡಿಸಿದಂತಿದ್ದವು. ಕಡಿದ ಮೂಲೆಯಾದರೋ ಕತ್ತರಿಯ ಕೊಡುಗೆ. ದಪ್ಪ ಫೆಲ್ಟ್ ಬಟ್ಟೆಯಲ್ಲಿ ಗುಂಡಗಿನ ‘ಓ’ವನ್ನು ಅಂಕುಡೊಂಕಿಲ್ಲದೆ ಕತ್ತರಿಸಿ, ಅಂಚು ಸುಕ್ಕಾಗದಂತೆ ಹೊಲಿಯುವುದು ಎಷ್ಟು ತ್ರಾಸವೆಂಬುದನ್ನು ಹೊಲಿಗೆ ಬಲ್ಲ ಗೃಹಿಣಿಯರಿಗೆ ಹೇಳಬೇಕಾಗಿಲ್ಲ. ನೇರ ಗೆರೆಯಲ್ಲಿ ಕತ್ತರಿಸಿ, ನಾಲ್ಕು ಮೂಲೆಗಳನ್ನು ಓರೆಯಾಗಿ ಕಡಿದರೆ ಕೆಲಸ ಸುಲಭ; ‘ಓ’ ಎಂಟು ಬದಿಯುಳ್ಳದ್ದಾಗುತ್ತದೆ, ಅಷ್ಟೆ. ‘ಡಿ’ಗೆ ಮಾತ್ರ ಬಲಗಡೆಯಷ್ಟೇ ಕಡಿತ. ಎಡಮೂಲೆಗಳೂ ಹೋದರೆ ಅದನ್ನು ‘ಓ’ ಎಂದೇ ಓದಬೇಕಾದೀತು! ಬೇರೆ ಬಣ್ಣದ ಬಟ್ಟೆಯ ಮೇಲೆ ತುಸು ಚಿಕ್ಕದಾದ ಅಕ್ಷರವನ್ನಿಟ್ಟು ಹೊಲಿದರೆ ಸುತ್ತಲೂ ಅಂದವಾದ ಅಂಚು.

ಪ್ರೇಕ್ಷಕರ ಕಣ್ಣಿಗೂ ಇದು ಒಗ್ಗಿತು. 1929ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡ ಆಟಗಾರರ ಬೆನ್ನಿಗೆ ದೊಡ್ಡ ಅಂಕಿಗಳನ್ನು ಹೊಲಿಸಿತು. ದಾಂಡು ಹಿಡಿಯುವ ಸರದಿಯೇ ಅಂಕಿ: ಬೇಬ್ ರೂತ್‌ಗೆ 3, ಲೂ ಗೆರಿಗ್‌ಗೆ 4. ದೂರದ ಅಗ್ಗದ ಆಸನದಲ್ಲಿ ಕುಳಿತವನೂ ಆಟಗಾರನನ್ನು ಗುರುತಿಸುವಂತಾಯಿತು.

1981ರಲ್ಲಿ ಡಿಕ್ ಜೋನ್ಸ್ ಈ ರೂಪವನ್ನೇ ‘ಪ್ರಿನ್ಸ್‌ಟೌನ್’ ಎಂಬ ಅಚ್ಚಿನ ಅಕ್ಷರವಾಗಿಸಿದನು. ಎರಡು ಪದರ ಬಟ್ಟೆಯ ಅಂಚು ಅಲ್ಲಿ ಶಾಯಿಯ ಗೆರೆಯಾಯಿತು. ಇಂದು ಗಣಕಯಂತ್ರದಲ್ಲಿ ಇಂತಹ ಅಕ್ಷರಮಾಲೆಗಳು ಬೇಕಾದಷ್ಟಿವೆ. ನಾಲ್ಕೈದು ಪದಗಳ ಶೀರ್ಷಿಕೆಗೆ ಅವು ಸೊಗಸು. ಒಂದು ಪುಟ ತುಂಬಿಸಿದರೆ ಓದುಗನ ಕಣ್ಣು ದಣಿಯುತ್ತದೆ. ಮೈದಾನಕ್ಕೆ ಕಾಲಿಡದವರೂ ಈಗ ಆ ಅಕ್ಷರದ ಅಂಗಿಯನ್ನು ಅಂಗಡಿಯಲ್ಲಿ ಕೊಳ್ಳಬಹುದು. ಯಾರೂ ಮರಳಿ ಕೇಳುವುದಿಲ್ಲ. ಎಂತಹ ವಕ್ರರೇಖೆಯನ್ನಾದರೂ ಎಳೆಯಬಲ್ಲ ಯಂತ್ರ, ಅದರ ‘ಓ’ವನ್ನು ಮಾತ್ರ ಇನ್ನೂ ಎಂಟು ಬದಿಯಾಗಿಯೇ ಬರೆಯುತ್ತಿದೆ.