ಸೀಟಿ ಊದದ ಗೋಲು



ಹಪ್ಪಳ, ತಂಬುಳಿ ಅಂತ ಬರೆಯುತ್ತಿದ್ದವಳು ಈ ಸಲ ಫುಟ್ಬಾಲ್ ಬಗ್ಗೆ ಬರೆಯುತ್ತಿದ್ದಾಳಲ್ಲ, ಇವಳಿಗೇನಾಯಿತು ಎಂದು ಹುಬ್ಬೇರಿಸಬೇಡಿ. ಆ ಚೆಂಡಿನ ಆಟಕ್ಕೂ ನಮ್ಮ ಒಲೆಗೂ ಸಂಬಂಧವಿದೆಯೆಂದು ನನಗೂ ಗೊತ್ತಿರಲಿಲ್ಲ. ಆದರೆ ಬೆಂಗಳೂರಿನಲ್ಲಿ ಹೊಡೆದ ಒಂದು ಗೋಲಿನ ದೆಸೆಯಿಂದ ಆ ವರ್ಷ ನಮ್ಮ ಮನೆಗೆ ಯಲ್ಲಾಪುರದ ಅಪ್ಪೆಮಿಡಿ ಬರಲಿಲ್ಲ ಎಂದರೆ ನಂಬುತ್ತೀರಾ? ಹೇಳುತ್ತೇನೆ, ಕೇಳಿ.

ಅದು 2023ರ ಮಾರ್ಚ್ 3, ಶುಕ್ರವಾರ ರಾತ್ರಿ. ಸಿದ್ದಾಪುರದ ನಮ್ಮ ಮನೆಯ ಜಗಲಿಯಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ನಾವೆಲ್ಲ ಚಾಲಿ ಅಡಿಕೆ ಸುಲಿಯುತ್ತಿದ್ದೆವು. ಎದುರಿಗೆ ಟೀವಿ. ಯಲ್ಲಾಪುರದಲ್ಲಿರುವ ತಂಗಿಯ ಮಗನೂ ಬಂದಿದ್ದ. ಅವನು ಓದಿದ್ದು ಕೊಚ್ಚಿಯಲ್ಲಿ, ಹಾಗಾಗಿ ಅವನದು ಕೇರಳ ಬ್ಲಾಸ್ಟರ್ಸ್ ಪಕ್ಷ. ನನ್ನ ಮಗನದು ಬೆಂಗಳೂರು ಎಫ್‌ಸಿ. ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ನಾಕೌಟ್ ಪಂದ್ಯ, ಸೋತವರು ಮನೆಗೆ. ತೊಂಬತ್ತು ನಿಮಿಷ ಆದರೂ ಇಬ್ಬರದೂ ಸೊನ್ನೆ. ಆಮೇಲೆ ಮೂವತ್ತು ನಿಮಿಷದ ಹೆಚ್ಚುವರಿ ಆಟ ಶುರುವಾಯಿತು.

ಅದು ಶುರುವಾಗಿ ಏಳು ನಿಮಿಷವೂ ಆಗಿರಲಿಕ್ಕಿಲ್ಲ, ಬೆಂಗಳೂರಿಗೆ ಒಂದು ಫ್ರೀ ಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರ್ ತನ್ನ ಹುಡುಗರನ್ನು ಸಾಲಾಗಿ ಗೋಡೆಯಂತೆ ನಿಲ್ಲಿಸುವುದರಲ್ಲಿದ್ದ. ಅಷ್ಟರಲ್ಲಿ ಸುನಿಲ್ ಛೆಟ್ರಿ ಮೆಲ್ಲಗೆ ಚೆಂಡನ್ನು ಎತ್ತಿ ಗೋಲಿಗೆ ಕಳಿಸಿಯೇಬಿಟ್ಟ! ರೆಫ್ರಿ ಕ್ರಿಸ್ಟಲ್ ಜಾನ್ ಗೋಲು ಎಂದರು. ಮಗ ಹಾರಿದ ರಭಸಕ್ಕೆ ಸುಲಿದಿಟ್ಟ ಅಡಿಕೆಯೆಲ್ಲ ಜಗಲಿ ತುಂಬ ಚೆಲ್ಲಾಪಿಲ್ಲಿ.

“ಸೀಟಿನೇ ಊದಿದ್ನಿಲ್ಲೆ! ಇದು ಎಂತಾ ಗೋಲು?” ಎಂದು ಅಳಿಯ ಕೂಗಿದ. ಕೇರಳದವರದೂ ಅದೇ ತಕರಾರು. ಅವರ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಕೈಬೀಸಿ ಕರೆದರು, ತಂಡಕ್ಕೆ ತಂಡವೇ ಮೈದಾನ ಬಿಟ್ಟು ಒಳಗೆ ಹೋಯಿತು. ಇನ್ನೂ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಆಟ ಬಾಕಿ ಇತ್ತು. ಅವರು ತಿರುಗಿ ಬರಲಿಲ್ಲ. ರೆಫ್ರಿ ಕಾದು ನೋಡಿ, ಬೆಂಗಳೂರು ಗೆದ್ದಿತು ಎಂದು ಆಟ ಮುಗಿಸಿದರು.

ಆಗ ನಾನು ಬಾಯಿ ಹಾಕಿದೆ. ಹಾಕಬಾರದಿತ್ತು. “ಕುಣಿಯಲಿಕ್ಕೆ ಬಾರದವಳಿಗೆ ನೆಲ ಡೊಂಕು. ಸೋತವರಿಗೆ ನೆಪ ಯಾವಾಗಲೂ ಜಾಸ್ತಿ, ನಿಂಗೂ ಅಷ್ಟೆ” ಅಂದೆ. ಹುಡುಗ ಮಾತಾಡಲಿಲ್ಲ, ಊಟಕ್ಕೂ ಏಳಲಿಲ್ಲ. ಬೆಳಗಿಗೆ ತೆಳ್ಳೇವು ಮಾಡೋಣ ಅಂತ ಹಿಟ್ಟು ಬೀಸಿಟ್ಟಿದ್ದೆ. ನಾನು ಕಾವಲಿ ಒಲೆಯ ಮೇಲಿಡುವ ಹೊತ್ತಿಗೆ ಅವನು ಸಿರಸಿಗೆ ಹೋಗುವ ಮೊದಲ ಬಸ್ಸು ಹಿಡಿದಾಗಿತ್ತು.

ಪ್ರತಿ ವರ್ಷ ಮಿಡಿಯ ಕಾಲದಲ್ಲಿ ತಂಗಿ ಬೇಡ್ತಿ ಹೊಳೆ ಕಡೆಯ ಅಪ್ಪೆಮಿಡಿಯನ್ನು ಚೀಲ ತುಂಬಿ ಕಳಿಸುತ್ತಾಳೆ. ಆ ವರ್ಷ ಚೀಲವೂ ಇಲ್ಲ, ಫೋನೂ ಇಲ್ಲ. ನಾನೇ ಫೋನು ಮಾಡಿದರೆ “ಈ ವರ್ಷ ಮಿಡಿ ಕಡಿಮೆ ಅಕ್ಕಯ್ಯ” ಎಂದು ಒಂದೇ ಮಾತು. ಉಪ್ಪಿನಕಾಯಿ ಭರಣಿ ಖಾಲಿ ಇರುವುದು ನೋಡಿದಾಗಲೆಲ್ಲ ಕರುಳು ಚುರ್ ಅನ್ನುತ್ತಿತ್ತು.

ಕೊನೆಗೊಂದು ದಿನ ಮಗನನ್ನು ಕೂರಿಸಿಕೊಂಡು, “ಆ ದಿನದ ಗೋಲು ಸರಿಯೋ ತಪ್ಪೋ, ನಿಜ ಹೇಳು” ಅಂದೆ. ಅವನು ಆಟದ ನಿಯಮದ ಪುಸ್ತಕ ತೆಗೆದು ತೋರಿಸಿದ. ಫ್ರೀ ಕಿಕ್ಕಿಗೆ ಪ್ರತಿ ಸಲವೂ ಸೀಟಿ ಊದಲೇಬೇಕೆಂದಿಲ್ಲವಂತೆ. ಎದುರಾಳಿಗಳು 9.15 ಮೀಟರ್ ದೂರ ನಿಲ್ಲಬೇಕು ನಿಜ, ಆದರೆ ಅವರು ದೂರ ಹೋಗುವ ತನಕ ಕಾಯದೆ ಬೇಗ ಹೊಡೆಯಲಿಕ್ಕೂ ಅವಕಾಶ ಉಂಟು. ಆದರೆ ರೆಫ್ರಿಯೇ ಆಟ ತಡೆದು ದೂರ ಅಳೆದು ನಿಲ್ಲಿಸಲು ಹೊರಟರೆ ಮಾತ್ರ ಸೀಟಿಯ ತನಕ ಕಾಯಬೇಕು. ಯಕ್ಷಗಾನದಲ್ಲಿ ಭಾಗವತರು ಪದ ಎತ್ತುವ ತನಕ ವೇಷ ಕಾಯುವುದಿಲ್ಲವೇ, ಹಾಗೆ.

ಜಗಳ ಇದ್ದದ್ದು ಇಲ್ಲಿಯೇ. ನನಗೆ ಸೀಟಿಯೂ ಬೇಡ, ಗೋಡೆಯೂ ಬೇಡ ಎಂದು ಮೊದಲೇ ರೆಫ್ರಿಗೆ ಹೇಳಿದ್ದೆ ಎಂಬುದು ಛೆಟ್ರಿಯ ಮಾತು. ಇಷ್ಟು ಹೊತ್ತು ಕಳೆದ ಮೇಲೆ ಅದು ‘ಬೇಗ ಹೊಡೆದ’ ಫ್ರೀ ಕಿಕ್ ಹೇಗಾಗುತ್ತದೆ ಎಂಬುದು ಕೇರಳದವರ ಪ್ರಶ್ನೆ. ಅಂದರೆ ಅಳಿಯ ಹೇಳಿದ್ದು ಬರೀ ನೆಪವಲ್ಲ. ಅವನ ಮಾತಿನಲ್ಲೂ ಹುರುಳಿತ್ತು. ನಿಯಮ ತಿಳಿಯದೆ, ನನ್ನ ಮಗನ ಪಕ್ಷ ಗೆದ್ದಿತೆಂಬ ಒಂದೇ ಕಾರಣಕ್ಕೆ ನಾನು ತೀರ್ಪು ಕೊಟ್ಟಿದ್ದೆ!

ಹಾಗಾದರೆ ಮೈದಾನ ಬಿಟ್ಟು ಹೋದದ್ದು ಸರಿಯೇ? ಅದನ್ನೂ ನಾನು ಒಪ್ಪುವುದಿಲ್ಲ. ಮತ್ತೆ ಆಟ ಆಡಿಸಿ ಎಂದು ಕೇರಳದವರು ಕೊಟ್ಟ ದೂರು ನಿಲ್ಲಲಿಲ್ಲ. ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ ತಂಡಕ್ಕೆ ನಾಲ್ಕು ಕೋಟಿ ರೂಪಾಯಿ ದಂಡ ಹಾಕಿತು. ಬಹಿರಂಗವಾಗಿ ಕ್ಷಮೆ ಕೇಳದಿದ್ದರೆ ಆರು ಕೋಟಿ ಎಂದಿತು. ಕೋಚ್‌ಗೆ ಹತ್ತು ಪಂದ್ಯಗಳ ನಿಷೇಧ, ಐದು ಲಕ್ಷ ದಂಡ. ಅದಕ್ಕಿಂತ ಹೆಚ್ಚಾಗಿ, ಕೈಯಲ್ಲಿದ್ದ ಇಪ್ಪತ್ತು ಚಿಲ್ಲರೆ ನಿಮಿಷ ಹೋಯಿತಲ್ಲ! ಅಷ್ಟರಲ್ಲಿ ಒಂದು ಗೋಲು ಹೊಡೆಯಲಾಗುತ್ತಿರಲಿಲ್ಲ ಎಂದು ಯಾರು ಹೇಳಿಯಾರು? ಅನ್ಯಾಯ ಆಯಿತೆಂದು ಎಲೆ ಬಿಟ್ಟು ಎದ್ದರೆ ಹಸಿಯುವುದು ನಮ್ಮ ಹೊಟ್ಟೆಯೇ.

ತೀರ್ಪು ಕೊಡುವವರಿಗೂ ಒಂದು ಮಾತಿದೆ. 2010ರ ವಿಶ್ವಕಪ್ಪಿನಲ್ಲಿ ಜರ್ಮನಿಯ ವಿರುದ್ಧ ಇಂಗ್ಲೆಂಡಿನ ಲ್ಯಾಂಪಾರ್ಡ್ ಹೊಡೆದ ಚೆಂಡು ಗೆರೆ ದಾಟಿ ಒಳಗೇ ಬಿದ್ದಿತ್ತು. ಲೋಕಕ್ಕೆಲ್ಲ ಕಂಡಿತು, ರೆಫ್ರಿಗೆ ಕಾಣಲಿಲ್ಲ, ಗೋಲು ಸಿಗಲಿಲ್ಲ. ಎರಡು ದಿನ ಬಿಟ್ಟು ವಿಶ್ವ ಫುಟ್ಬಾಲ್ ಸಂಸ್ಥೆಯ ಅಧ್ಯಕ್ಷ ಸೆಪ್ ಬ್ಲಾಟರ್ ಇಂಗ್ಲೆಂಡಿನ ಕ್ಷಮೆ ಕೇಳಿದರು. ಪಂದ್ಯದ ಫಲಿತಾಂಶವೇನೂ ಬದಲಾಗಲಿಲ್ಲ ಅನ್ನಿ. ಆದರೆ 2012ರಲ್ಲಿ ಚೆಂಡು ಗೆರೆ ದಾಟಿತೋ ಇಲ್ಲವೋ ಎಂದು ಹೇಳುವ ಯಂತ್ರಕ್ಕೆ ಒಪ್ಪಿಗೆ ಸಿಕ್ಕಿತು, 2014ರ ವಿಶ್ವಕಪ್ಪಿಗೆ ಅದು ಬಂದೇಬಂತು. ತಪ್ಪನ್ನು ಒಪ್ಪಿಕೊಂಡವರು ತಿದ್ದಿಕೊಳ್ಳಲಿಕ್ಕೂ ದಾರಿ ಹುಡುಕುತ್ತಾರೆ.

ಅಂದಹಾಗೆ, 2022ರ ಡಿಸೆಂಬರ್ 1ರಂದು ಕತಾರಿನಲ್ಲಿ ಜರ್ಮನಿ ಮತ್ತು ಕೋಸ್ಟರಿಕಾ ನಡುವಿನ ಪಂದ್ಯಕ್ಕೆ ಸೀಟಿ ಊದಿದ್ದು ಫ್ರಾನ್ಸಿನ ಸ್ಟೆಫನಿ ಫ್ರಾಪಾರ್ಟ್ ಎಂಬ ಹೆಂಗಸು. ಗಂಡಸರ ವಿಶ್ವಕಪ್ಪಿನಲ್ಲಿ ಹೆಂಗಸೊಬ್ಬಳು ಮುಖ್ಯ ರೆಫ್ರಿಯಾದದ್ದು ಅದೇ ಮೊದಲು. ಓದಿ ಖುಷಿಯಾಯಿತು. ಮನೆಯಲ್ಲಂತೂ ಆ ಸೀಟಿ ನಮ್ಮ ಕೈಯಲ್ಲೇ ಉಂಟಲ್ಲ! ಯಾರಿಗೆ ದೊಡ್ಡ ಹೋಳು, ಯಾರು ಮೊದಲು ಹೊಡೆದದ್ದು, ಯಾರ ತಪ್ಪು — ದಿನಕ್ಕೆ ಹತ್ತು ತೀರ್ಪು. ಒಂದೆರಡು ತಪ್ಪಿಯೇ ತಪ್ಪುತ್ತವೆ. “ದೊಡ್ಡವರು ಮಕ್ಕಳ ಹತ್ತಿರ ತಪ್ಪಾಯಿತು ಅನ್ನುವುದುಂಟೇ” ಎಂದು ನಾವು ಸುಮ್ಮನಾಗುತ್ತೇವೆ, ಅಷ್ಟೆ.

ಆ ದೀಪಾವಳಿಗೆ ನಾನೇ ಯಲ್ಲಾಪುರಕ್ಕೆ ಹೋದೆ. ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡಿದ್ದೆ, ಹುಡುಗನ ಎದುರು ನಿಂತಾಗ ಒಂದೂ ನೆನಪಾಗಲಿಲ್ಲ. “ತಮಾ, ಆ ದಿನ ಹಾಗೆ ಅಂದಿದ್ದು ನನ್ನದೇ ತಪ್ಪು” ಎಂದಷ್ಟೇ ಹೇಳಿದೆ. ಅವನು ತಲೆ ತಗ್ಗಿಸಿ, “ನಾನೂ ತೆಳ್ಳೇವು ತಿಂದ್ಕಂಡೇ ಹೋಗಬೇಕಿತ್ತು ದೊಡ್ಡಮ್ಮ” ಅಂದ. ತಂಗಿ ಒಳಗಿನಿಂದ ಕಾಫಿ ತಂದಳು, ಕಣ್ಣು ಒರೆಸಿಕೊಂಡದ್ದು ನನಗೆ ಕಂಡಿತು.

ಮುಂದಿನ ವರ್ಷ ಅವನೇ ಮಿಡಿಯ ಚೀಲ ಹೊತ್ತು ಬಂದ. ಜಗಲಿಯಲ್ಲಿ ಚೀಲ ಇಳಿಸಿ, “ಆದ್ರೂ ದೊಡ್ಡಮ್ಮ, ಅದು ಗೋಲಲ್ಲ” ಅಂದ. ನನ್ನ ಮಗ ಒಳಗಿನಿಂದಲೇ “ಹೌದೋ, ಗೋಲೇ!” ಎಂದು ಕೂಗಿದ. ನಾನು ಈ ಸಲ ತೀರ್ಪು ಕೊಡಲಿಲ್ಲ, ಮಿಡಿ ತೊಳೆಯಲು ಬಾವಿಕಟ್ಟೆಗೆ ಹೋದೆ.

ನಿಮ್ಮ ಮನೆಯಲ್ಲೂ ಹೀಗೆ ತಪ್ಪಿ ಊದಿದ ಸೀಟಿ ಯಾವುದಾದರೂ ಇದೆಯೇ? ಇದ್ದರೆ ತಡ ಮಾಡಬೇಡಿ. ನನಗೆ ಎಂಟು ತಿಂಗಳು ಹಿಡಿಯಿತು.