ಓಣಿಗೆಲ್ಲ ಒಂದೇ ಮೋಟಾರು

ಮಳೆಗಾಲ ಸಮೀಪಿಸಿದಂತೆ ಗೋವೆಯ ಕೆಲವು ಕನ್ನಡ ಮನೆಗಳಲ್ಲಿ ಒಂದು ಚರ್ಚೆ ತಲೆಯೆತ್ತುವುದುಂಟು. ಅಂಗಳದ ಮೂಲೆಯಲ್ಲಿ ತಾಡಪತ್ರಿಯ ಕೆಳಗೆ ನಿಂತಿರುವ ಹಳೆಯ ಮೋಟಾರು ಕಾರನ್ನು ಇನ್ನೊಂದು ವರ್ಷ ಇಟ್ಟುಕೊಳ್ಳಬೇಕೋ, ಗುಜರಿಯವನಿಗೆ ಕೊಟ್ಟು ಜಾಗವನ್ನು ಬಿಡಿಸಿಕೊಳ್ಳಬೇಕೋ ಎಂಬುದೇ ಆ ಚರ್ಚೆ. ಮಕ್ಕಳು ಲೆಕ್ಕ ಹೇಳುತ್ತಾರೆ, ಹಿರಿಯರು ಸುಮ್ಮನಾಗುತ್ತಾರೆ. ಮಕ್ಕಳ ಲೆಕ್ಕದಲ್ಲಿ ತಪ್ಪಿಲ್ಲ. ಹಿರಿಯರ ಮೌನಕ್ಕೂ ಕಾರಣವಿಲ್ಲದೆ ಇಲ್ಲ. ಓದುಗ ಬಂಧುಗಳೇ, ಆ ಕಾರಣವನ್ನು ಬಿಡಿಸಿ ಹೇಳುವುದಕ್ಕಾಗಿ ಈ ತಿಂಗಳ ಅಂಕಣವನ್ನು ಆ ಹಳೆಯ ಕಾರುಗಳಿಗೇ ಮೀಸಲಿಟ್ಟಿದ್ದೇನೆ.

ರಾಜಮಹಾರಾಜರ ವೈಭವದ ವಾಹನಗಳ ಮಾತನ್ನು ನಾನಿಲ್ಲಿ ಎತ್ತುವುದಿಲ್ಲ. ಗುಮಾಸ್ತರು, ಉಪಾಧ್ಯಾಯರು, ಬಂದರಿನ ನೌಕರರು, ಸಣ್ಣ ಗುತ್ತಿಗೆದಾರರು ಸಂಬಳದಲ್ಲಿ ಉಳಿಸಿ, ಸಾಲ ತೆಗೆದು ಕೊಂಡ ಸಾಧಾರಣ ಸಂಸಾರದ ಕಾರುಗಳೇ ನನ್ನ ವಿಷಯ. 1960 ಮತ್ತು 1970ರ ದಶಕಗಳಲ್ಲಿ ಅಂತಹ ಕಾರನ್ನು ಕೊಳ್ಳಬಯಸುವವರ ಮುಂದೆ ಮುಖ್ಯವಾಗಿ ಮೂರು ಹೆಸರುಗಳಿದ್ದವು. ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯದು. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯಟ್ 1100 ಇಟಲಿಯ ಮೂಲದ್ದು. 1970ರ ದಶಕದಲ್ಲಿ ಅದಕ್ಕೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಬಂದರೂ ಜನರ ಬಾಯಲ್ಲಿ ಅದು ಕೊನೆಯವರೆಗೂ ಫಿಯಟ್ಟಾಗಿಯೇ ಉಳಿಯಿತು. ಮೂರನೆಯದು ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಅದರ ಮುಂಭಾಗವೆಲ್ಲ ಒಮ್ಮೆಗೇ ಮುಂದಕ್ಕೆ ಬಾಗಿ ತೆರೆದುಕೊಳ್ಳುವುದನ್ನು ನೋಡಲು ಮಕ್ಕಳು ಗುಂಪುಗೂಡುತ್ತಿದ್ದರು. ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಸರದಿ ಕಾಯಬೇಕಾಗಿದ್ದ ಆ ಕಾಲದಲ್ಲಿ ನಮ್ಮಂತಹವರ ಮನೆಗೆ ಬರುತ್ತಿದ್ದುದು ಬಹುಮಟ್ಟಿಗೆ ಎರಡನೆಯ ಕೈಯ, ಮೂರನೆಯ ಕೈಯ ಗಾಡಿಗಳೇ.

ಗೋವೆಯ ಸಂಗತಿ ಸ್ವಲ್ಪ ಬೇರೆಯಾಗಿತ್ತು. 1961ರ ಡಿಸೆಂಬರ್ 19ರಂದು ವಿಮೋಚನೆಯಾಗುವ ತನಕ ಇಲ್ಲಿ ಪೋರ್ಚುಗೀಸರ ಆಡಳಿತವಿದ್ದುದರಿಂದ, ವಿದೇಶೀ ಕಾರುಗಳ ಆಮದಿಗೆ ಭಾರತದಲ್ಲಿದ್ದಂತಹ ನಿರ್ಬಂಧ ಇಲ್ಲಿರಲಿಲ್ಲ. ಜರ್ಮನಿಯ ಓಪೆಲ್, ಮರ್ಸಿಡಿಸ್, ಫೋಕ್ಸ್‌ವ್ಯಾಗನ್ ಕಾರುಗಳು ಹಡಗಿನಲ್ಲಿ ಬಂದಿಳಿದು ಗೋವೆಯ ರಸ್ತೆಗಳಲ್ಲಿ ಓಡಾಡುತ್ತಿದ್ದವು. ವಿಮೋಚನೆಯ ಬಳಿಕ ಆ ಆಮದು ನಿಂತಿತು, ಬಿಡಿಭಾಗಗಳೂ ದುರ್ಲಭವಾದವು. ಆಗ ಗೋವೆಯ ಮೇಸ್ತ್ರಿಗಳು ಒಡೆದ ಭಾಗವನ್ನು ಲೇತಿನಲ್ಲಿ ಕಡೆದು, ಬೆಸೆದು, ಒಂದರದನ್ನು ಇನ್ನೊಂದಕ್ಕೆ ಹೊಂದಿಸಿ ಆ ಗಾಡಿಗಳನ್ನು ಬಹುಕಾಲ ನಡೆಸಿದರು. ಮುಂದೆ ನಮ್ಮ ಬಡ ಫಿಯಟ್ಟು, ಅಂಬಾಸಿಡರುಗಳು ಇಲ್ಲಿಗೆ ಬಂದಾಗ ಅವಕ್ಕೆ ದೊರೆತದ್ದು ಹೀಗೆ ಪಳಗಿದ ಕೈಗಳೇ.

ಇದೇ ಕಾಲದಲ್ಲಿ ಕನ್ನಡ ನಾಡಿನಿಂದ, ವಿಶೇಷವಾಗಿ ಧಾರವಾಡ, ಬೆಳಗಾವಿ, ವಿಜಾಪುರ ಸೀಮೆಗಳಿಂದ, ನಮ್ಮವರು ಗೋವೆಗೆ ಬರತೊಡಗಿದರು. ಮರ್ಮಗೋವಾ ಬಂದರು, ಗಣಿಗಳು, 1973ರಲ್ಲಿ ಜುವಾರಿನಗರದಲ್ಲಿ ಆರಂಭವಾದ ರಸಗೊಬ್ಬರದ ಕಾರ್ಖಾನೆ, ಬ್ಯಾಂಕು, ಶಾಲೆ, ಕಟ್ಟಡದ ಕೆಲಸ—ಹೀಗೆ ಒಬ್ಬೊಬ್ಬರಿಗೆ ಒಂದೊಂದು ದಾರಿ. ಊರಿಗೆ ಹೋಗುವುದೆಂದರೆ ವಾಸ್ಕೋದಿಂದ ಲೋಂಡಾ ಮಾರ್ಗವಾಗಿ ಮೀಟರ್ ಗೇಜಿನ ರೈಲು, ಇಲ್ಲವೆ ಕೆಂಪು ಬಸ್ಸು. ಕಾರುಳ್ಳ ಕನ್ನಡಿಗರನ್ನು ಬೆರಳಲ್ಲಿ ಎಣಿಸಬಹುದಾಗಿತ್ತು. ಆದುದರಿಂದ ಕಾರು ಒಂದು ಮನೆಯ ಹೆಸರಿನಲ್ಲಿ ನೋಂದಾಯಿತವಾಗಿದ್ದರೂ ಇಡೀ ಓಣಿಯ ಸ್ವತ್ತಾಗಿರುತ್ತಿತ್ತು.

ವಾಸ್ಕೋದಲ್ಲಿ ನಾವಿದ್ದ ಓಣಿಯಲ್ಲಿಯೂ ಅಂತಹ ಒಂದೇ ಕಾರಿತ್ತು. ಬಂದರಿನಲ್ಲಿ ನೌಕರಿಯಲ್ಲಿದ್ದ, ನಾವೆಲ್ಲ ಕಾಕಾ ಎಂದು ಕರೆಯುತ್ತಿದ್ದ ಹಿರಿಯರೊಬ್ಬರದು ಆ ಬೂದುಬಣ್ಣದ ಫಿಯಟ್. ಮದುವೆಯ ಹೆಣ್ಣನ್ನು ಮಂಟಪಕ್ಕೆ ಕರೆದೊಯ್ದದ್ದು ಅದೇ, ಚೊಚ್ಚಲ ಬಸುರಿಯನ್ನು ಬಾಣಂತನಕ್ಕೆ ತವರಿಗೆ ಮುಟ್ಟಿಸಿದ್ದು ಅದೇ, ಊರಲ್ಲಿ ತೀರಿಕೊಂಡವರ ಮುಖವನ್ನು ಮಣ್ಣಿಗೆ ಮುಂಚೆ ನೋಡಲೆಂದು ರಾತ್ರೋರಾತ್ರಿ ಘಟ್ಟ ಹತ್ತಿದ್ದೂ ಅದೇ. ಒಂದು ಮಳೆಗಾಲದ ನಡುರಾತ್ರಿ ಪಕ್ಕದ ಮನೆಯ ತರುಣ ಬಂದು ಕದ ಬಡಿದ. "ಕಾಕಾ, ನಮ್ಮಾಕೀಗೆ ಬ್ಯಾನಿ ಸುರು ಆಗ್ಯಾವ್ರೀ. ಗಾಡಿ ತಗೀತೀರೇನು?" ಎಂದ. ಒಳಗಿನಿಂದ ಬಂದ ಉತ್ತರ ಇಷ್ಟೇ: "ನಡೀ ನಡೀ, ಕೀಲಿ ಕೈಯಾಗೇ ಐತಿ." ಪೆಟ್ರೋಲಿನ ಹಣದ ಮಾತು ಆ ರಾತ್ರಿ ಬರಲಿಲ್ಲ, ಆಮೇಲೂ ಬರಲಿಲ್ಲ. ಬೆಳಗಾಗುವ ಹೊತ್ತಿಗೆ ಮಡಗಾಂವಿನ ಆಸ್ಪತ್ರೆಯಲ್ಲಿ ಹೆಣ್ಣುಮಗು ಜನಿಸಿತ್ತು.

ಆ ಕಾರುಗಳ ರಚನೆಯೂ ಇಂತಹ ಬಾಳಿಗೆ ಒದಗುವಂತಿತ್ತು. ಫಿಯಟ್, ಅಂಬಾಸಿಡರುಗಳೆರಡರಲ್ಲೂ ಗೇರಿನ ಹಿಡಿಕೆ ನೆಲದಲ್ಲಿರದೆ ಸ್ಟೇರಿಂಗಿನ ಬದಿಯಲ್ಲಿರುತ್ತಿತ್ತು. ಮುಂದಿನ ಆಸನ ಒಂದೇ ಉದ್ದನೆಯ ಬೆಂಚಿನಂತಿರುತ್ತಿತ್ತು. ಆದುದರಿಂದ ಮುಂದೆ ಮೂವರು ದೊಡ್ಡವರು, ಹಿಂದೆ ನಾಲ್ವರು, ಅವರ ತೊಡೆಗಳ ಮೇಲೆ ಮಕ್ಕಳು ಎಂಬ ಲೆಕ್ಕ ಎಲ್ಲ ಮನೆಗಳಲ್ಲೂ ನಡೆಯುತ್ತಿತ್ತು. ಡಿಕ್ಕಿಯಲ್ಲಿ ಹೋಗುವಾಗ ಗೋಡಂಬಿ, ಕೋಕಂ. ಬರುವಾಗ ಜೋಳದ ಚೀಲ, ಶೇಂಗಾ, ಬೆಳಗಾವಿಯ ಕುಂದಾ, ಧಾರವಾಡದ ಪೇಡೆ. ಓಣಿಯ ಇಂತಹ ಮನೆಗೆ ಇಷ್ಟು ಎಂದು ಊರಿನ ತಾಯಂದಿರು ಗಂಟು ಕಟ್ಟಿ ಹೆಸರು ಹೇಳಿ ಕೊಡುತ್ತಿದ್ದರು. ಗಡಿಯ ತಪಾಸಣೆಯ ನಾಕೆಯಲ್ಲಿ ಸಿಪಾಯಿಯು ಡಿಕ್ಕಿ ತೆರೆಸಿ, ಮದ್ಯದ ಸೀಸೆಗಳನ್ನು ಅರಸಿ, ರೊಟ್ಟಿಯ ಬುತ್ತಿಯನ್ನು ಕಂಡು ನಕ್ಕು ಕಳುಹಿಸುತ್ತಿದ್ದ.

ಊರಿನ ದಾರಿ ಸುಲಭದ್ದಾಗಿರಲಿಲ್ಲ. ಫೋಂಡಾ ದಾಟಿ ಮೊಲೆಂ ಸೇರಿದ ಮೇಲೆ ಅನಮೋಡ ಘಟ್ಟ ಎದುರಾಗುತ್ತಿತ್ತು. ಕದಂಬರ ಕಾಲದ ತಾಂಬ್ಡಿ ಸುರ್ಲಾದ ಮಹಾದೇವ ದೇವಾಲಯವಿರುವುದು ಇದೇ ಸೀಮೆಯ ಕಾಡಿನಲ್ಲಿ. ಘಟ್ಟದ ತಿರುವುಗಳಲ್ಲಿ ಬೇಸಗೆಯ ಮಧ್ಯಾಹ್ನ ಆ ಕಾಲದ ಯಾವ ಕಾರಾದರೂ ಒಮ್ಮೆ ಮುನಿಯದೆ ಬಿಡುತ್ತಿರಲಿಲ್ಲ. ಇಂಜಿನ್ನಿನ ಕಾವಿಗೆ ಪಂಪಿನೊಳಗಿನ ಪೆಟ್ರೋಲು ಆವಿಯಾಗಿ, ಪಂಪು ಬರಿಯ ಆವಿಯನ್ನು ತಳ್ಳಲಾರದೆ ಗಾಡಿ ನಿಂತುಬಿಡುವುದು. ಅದಕ್ಕೆ ಮದ್ದು ಒದ್ದೆ ಬಟ್ಟೆ. ಪಂಪಿನ ಮೇಲೆ ನೀರು ಹಿಂಡಿದ ಬಟ್ಟೆಯನ್ನು ಸುತ್ತಿ, ಮರದ ನೆರಳಲ್ಲಿ ಬುತ್ತಿ ಬಿಚ್ಚಿ, ಊಟ ಮುಗಿಸುವಷ್ಟರಲ್ಲಿ ಗಾಡಿಯ ಸಿಟ್ಟು ಇಳಿದಿರುತ್ತಿತ್ತು. ಘಟ್ಟವನ್ನು ಏರಿದ ಗೇರಿನಲ್ಲಿಯೇ ಇಳಿಯಬೇಕು, ಇಳಿಜಾರಿನಲ್ಲಿ ಇಂಜಿನ್ ಬಂದ್ ಮಾಡಕೂಡದು, ರೇಡಿಯೇಟರಿನ ಮುಚ್ಚಳವನ್ನು ಬಿಸಿಯಿರುವಾಗ ಮುಟ್ಟಕೂಡದು—ಈ ಸೂತ್ರಗಳನ್ನು ಮಕ್ಕಳು ಮಗ್ಗಿಯಂತೆ ಕಲಿತರು. ದಾರಿಯಲ್ಲಿ ಬಾನೆಟ್ ಎತ್ತಿ ನಿಂತ ಗಾಡಿಯೊಂದು ಕಂಡರೆ ಹಿಂದೆ ಬಂದವರು ನಿಲ್ಲಿಸದೆ ಹೋಗುತ್ತಿರಲಿಲ್ಲ. ನಾಳೆ ತಮ್ಮದೂ ನಿಲ್ಲಬಹುದೆಂಬುದು ಎಲ್ಲರಿಗೂ ಗೊತ್ತಿತ್ತು.

ಘಟ್ಟದ ದಾರಿ ಹೀಗಿದ್ದರೆ, ಗೋವೆಯೊಳಗಿನ ದಾರಿಗೆ ನದಿಗಳು ಅಡ್ಡವಾಗಿದ್ದವು. 1983ರಲ್ಲಿ ಜುವಾರಿಯ ಸೇತುವೆ ಆಗುವ ಮೊದಲು, ವಾಸ್ಕೋದಿಂದ ನೇರ ದಾರಿಯಲ್ಲಿ ಪಣಜಿಗೆ ಹೋಗುವವರು ಕುಠ್ಠಾಳಿಯಲ್ಲಿ ಕಾರನ್ನು ಫೆರ್ರಿ ದೋಣಿಗೆ ಹತ್ತಿಸಿ ಆಗಶಿಯಲ್ಲಿ ಇಳಿಸಬೇಕಾಗಿತ್ತು. ದೋಣಿಗಾಗಿ ಕಾಯುವ ಸಾಲಿನಲ್ಲಿ ಎಷ್ಟೋ ಪರಿಚಯಗಳು ಬೆಳೆದವು, ಕನ್ನಡದ ಮಾತು ಕಿವಿಗೆ ಬಿದ್ದು "ಯಾವ ಊರಿನವರು ತಾವು?" ಎಂದು ಆರಂಭವಾದ ಸಂಭಾಷಣೆ ಕೆಲವೊಮ್ಮೆ ಬೀಗತನದವರೆಗೂ ಹೋದದ್ದುಂಟು. 1970ರಲ್ಲಿ ಆಗಿದ್ದ ಮಾಂಡವಿಯ ಸೇತುವೆ 1986ರ ಜುಲೈನಲ್ಲಿ ಕುಸಿದಾಗ ಪಣಜಿಯವರು ಮತ್ತೆ ದೋಣಿಯ ಸಾಲಿಗೆ ಬಂದರು. ಕಾರವಾರದ ಕಡೆಯ ಕಾಳಿ ನದಿಯ ಹಳೆಯ ಸೇತುವೆಯೂ 2024ರ ಆಗಸ್ಟ್ 7ರಂದು ಕುಸಿಯಿತು. ಗಡಿಯಾಚೆ ಬಾಳುವವರಿಗೆ ಊರಿನ ದಾರಿ ಎಂದೂ ಶಾಶ್ವತವಾದ ಸಂಗತಿಯಲ್ಲ.

ಇನ್ನು ಗೋವೆಯ ಹವೆ. ಕಡಲಿನ ಉಪ್ಪುಗಾಳಿಯೂ ನಾಲ್ಕು ತಿಂಗಳ ಮಳೆಯೂ ಕೂಡಿ ತಗಡನ್ನು ತಿನ್ನುತ್ತಿದ್ದವು. ಮಳೆಗಾಲದ ಮುಂಜಾನೆ ಡಿಸ್ಟ್ರಿಬ್ಯೂಟರಿನೊಳಗೆ ತೇವ ಸೇರಿ ಕಿಡಿ ಹಾರದೆ ಹೋಗುವುದು. ಆಗ ಮನೆಯ ಗೃಹಿಣಿ ಒಣಬಟ್ಟೆ ತಂದುಕೊಡುವಳು, ಹುಡುಗ ಪಾಯಿಂಟನ್ನು ನಯವಾದ ಮರಳು ಕಾಗದದಿಂದ ಉಜ್ಜುವನು, ಹುಡುಗಿ ಚೋಕ್ ಎಳೆಯುವಳು, ನೆರೆಯವರು ಹಿಂದಿನಿಂದ ನೂಕುವರು. ಗಾಡಿ ಗುರ್ರೆಂದು ಎಚ್ಚತ್ತಾಗ ಓಣಿಯೆಲ್ಲ ನಗುತ್ತಿತ್ತು. ತೆರೆದು ನೋಡಿದರೆ ತಿಳಿಯುವಂತಹ, ಕೈಯಿಂದಲೇ ಸರಿಪಡಿಸಬಹುದಾದಂತಹ ಯಂತ್ರವಾಗಿದ್ದುದರಿಂದಲೇ ಅದರ ಮೇಲೆ ಮನೆಯ ಎಲ್ಲರಿಗೂ ಮಮತೆ ಹುಟ್ಟಿತು. ನೂಕಿದವನಿಗೂ ಆ ಗಾಡಿಯಲ್ಲಿ ಪಾಲುಂಟೆಂದು ತೋರುತ್ತಿತ್ತು.

ಹಾಗೆಂದು ಹಳೆಯದೆಲ್ಲ ಹೊನ್ನು ಎನ್ನಲಾಗದು. ಅವುಗಳಲ್ಲಿ ಅಪಘಾತದಲ್ಲಿ ಕಾಯುವ ಗಾಳಿಚೀಲವಿರಲಿಲ್ಲ, ಮಕ್ಕಳನ್ನು ಹಿಡಿದಿಡುವ ಪಟ್ಟಿಯಿರಲಿಲ್ಲ. ಬ್ರೇಕು ಇಂದಿನಷ್ಟು ಚುರುಕಾಗಿರಲಿಲ್ಲ. ಹೊಗೆಯೂ ಹೆಚ್ಚು, ಎಣ್ಣೆಯ ಖರ್ಚೂ ಹೆಚ್ಚು. ಏಳೆಂಟು ಜನರನ್ನು ತುಂಬಿಕೊಂಡು ಘಟ್ಟ ಇಳಿದದ್ದನ್ನು ನೆನೆದರೆ ಈಗ ಎದೆ ಝಲ್ಲೆನ್ನುತ್ತದೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದ ಮೇಲೆ ಜನ ಅತ್ತ ಒಲಿದುದು ಸಹಜವೇ ಆಗಿತ್ತು. ಪದ್ಮಿನಿಯ ತಯಾರಿಕೆ ಈ ಶತಮಾನದ ಆರಂಭದ ಹೊತ್ತಿಗೆ ನಿಂತಿತು. ಮುಂಬಯಿಯ ಅದರ ಕೊನೆಯ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಮರೆಯಾಯಿತು. ಉತ್ತರಪಾಡಾದ ಅಂಬಾಸಿಡರ್ 2014ರ ಮೇ ತಿಂಗಳಲ್ಲಿ ಕೊನೆಗೊಂಡಿತು.

ಹಾಗಾದರೆ ಅಂಗಳದಲ್ಲಿರುವುದನ್ನು ಏನು ಮಾಡಬೇಕು? ಉಳಿಸಿಕೊಳ್ಳುವವರು ಕಾಗದಪತ್ರಗಳನ್ನು ಮೊದಲು ನೋಡಿಕೊಳ್ಳಬೇಕು. ಸ್ವಂತ ಕಾರಿನ ನೋಂದಣಿ ಹದಿನೈದು ವರ್ಷಗಳದು. ಆ ಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿಯಿದ್ದ ನವೀಕರಣದ ಶುಲ್ಕ 2022ರ ಏಪ್ರಿಲಿನಲ್ಲಿ 5,000ಕ್ಕೆ ಏರಿತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಎಂದಾಯಿತು. ಐವತ್ತು ವರ್ಷ ದಾಟಿ ಮೂಲರೂಪದಲ್ಲಿಯೇ ಇರುವ ಗಾಡಿಗಳಿಗೆ 2021ರ ನಿಯಮದಂತೆ ಪ್ರತ್ಯೇಕವಾದ ಪಾರಂಪರಿಕ ನೋಂದಣಿಯುಂಟು; ಆದರೆ ಅವುಗಳನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಿವೃತ್ತರಾಗಿ ಊರಿಗೆ ಮರಳುವವರು ಇನ್ನೊಂದನ್ನು ಮರೆಯಬಾರದು: ಗೋವೆಯ ನೋಂದಣಿಯ ಕಾರನ್ನು ಕರ್ನಾಟಕದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇರಿಸುವುದಾದರೆ ನಿರಾಕ್ಷೇಪಣಾ ಪತ್ರ ಪಡೆದು ಅಲ್ಲಿಯ ನೋಂದಣಿ ಮಾಡಿಸಬೇಕು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆಯುವುದರಿಂದ ಹಳೆಯ ರಬ್ಬರಿನ ನಳಿಕೆ, ವಾಷರುಗಳನ್ನು ಬದಲಿಸಿಕೊಳ್ಳುವುದು ಕ್ಷೇಮ. ಇಷ್ಟಕ್ಕೆಲ್ಲ ಶಕ್ತಿಯಿಲ್ಲದವರು ಅಕ್ಕರೆಯಿಂದ ಕಾಯ್ದುಕೊಳ್ಳುವ ಒಬ್ಬರಿಗೆ ಕೊಡಲಿ. ಮಳೆಯಲ್ಲಿ ತುಕ್ಕು ಹಿಡಿಯಲು ಬಿಡುವುದು ಮಾತ್ರ ಗೌರವವಲ್ಲ.

ಆದರೆ ಹಿರಿಯರ ಮೌನಕ್ಕೆ ಇದರಿಂದ ಪೂರ್ತಿ ಉತ್ತರ ಸಿಗುವುದಿಲ್ಲ. ಅವರಿಗೆ ಕಳೆದುಹೋಗುವುದೆಂದು ಭಯವಿರುವುದು ತಗಡಿನದಲ್ಲ. ಇಂದು ವಾಸ್ಕೋದಲ್ಲಾಗಲಿ ಮಡಗಾಂವಿನಲ್ಲಾಗಲಿ ನಮ್ಮವರ ವಸತಿ ಕಟ್ಟಡಗಳ ಕೆಳಗೆ ಮನೆಗೊಂದು ಕಾರು ನಿಂತಿದೆ. ಇದು ನಮ್ಮವರ ದುಡಿಮೆಯ ಫಲ, ಸಂತೋಷಪಡತಕ್ಕದ್ದೇ. ಆದರೆ ರಾತ್ರಿ ಎದೆನೋವು ಬಂದ ಮುದುಕಿಯೊಬ್ಬಳು, ಎದುರು ಬಾಗಿಲನ್ನು ತಟ್ಟಲು ಸಂಕೋಚಪಟ್ಟು, ಬೆಂಗಳೂರಿನಲ್ಲಿರುವ ಮಗನಿಗೆ ಫೋನು ಮಾಡುತ್ತಾಳೆ. ಮಗ ಅಲ್ಲಿಂದಲೇ ವಾಹನಕ್ಕಾಗಿ ಪರದಾಡುತ್ತಾನೆ. 108ರ ಗಾಡಿ ಬರುತ್ತದೆ, ಅದು ಬರಲೇಬೇಕು. ಆದರೆ ಅದರಲ್ಲಿ ಅವಳ ಕೈ ಹಿಡಿದು ಕುಳಿತುಕೊಳ್ಳುವವರು ಯಾರು? ಕೆಳಗೆ ಇಪ್ಪತ್ತು ಕಾರುಗಳಿವೆ. ಮೇಲೆ ಒಂದು ಕದವನ್ನು ಬಡಿಯುವ ಸಲುಗೆಯಿಲ್ಲ.

ಬಂಧುಗಳೇ, ಹಳೆಯ ಕಾರನ್ನು ಉಳಿಸಿಕೊಳ್ಳುವುದು ಎಲ್ಲರಿಗೂ ಸಾಧ್ಯವಾಗದು, ಆಗಬೇಕಾದದ್ದೂ ಇಲ್ಲ. ಆ ಸಲುಗೆಯನ್ನು ಉಳಿಸಿಕೊಳ್ಳುವುದಕ್ಕೆ ಶುಲ್ಕವೂ ಇಲ್ಲ, ತಪಾಸಣೆಯೂ ಇಲ್ಲ. ಈ ವಾರ ನಿಮ್ಮ ಅಕ್ಕಪಕ್ಕದಲ್ಲಿ ಒಂಟಿಯಾಗಿರುವ ಹಿರಿಯರ ಮನೆಗೆ ಹೋಗಿ, "ರಾತ್ರಿಯಾದರೂ ಸರಿ, ಕರೆಯಿರಿ, ಗಾಡಿ ಇದೆ" ಎಂದು ಒಂದು ಮಾತು ಹೇಳಿ, ನಿಮ್ಮ ಫೋನಿನ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟು ಬನ್ನಿ. ಊರಿಗೆ ಹೊರಟಾಗ ಹಿಂದಿನ ಆಸನ ಖಾಲಿಯಿದ್ದರೆ ಅದೇ ಕಡೆಗೆ ಹೋಗುವವರು ಯಾರಿದ್ದಾರೆಂದು ವಿಚಾರಿಸಿರಿ. ಕಾರು ಹೊಸದಿರಲಿ, ಹಳೆಯದಿರಲಿ, ಅದರ ಬಾಗಿಲು ನೆರೆಯವರಿಗೆ ತೆರೆಯುವಂತಿದ್ದರೆ ಸಾಕು.